ಛಾವಣಿಯ ಮೇಲಿನ ನೀಲಿ ಅಂಗಿ

ದುಬೈನ ಅಲ್ ಬರ್ಷಾದ ಆ ವಿಲ್ಲಾದಲ್ಲಿ ಛಾವಣಿಯ ಕೊನೆಯ ಕೆಲಸವೂ ಮುಗಿದ ದಿನ ನಮ್ಮ ಕಂಟ್ರಾಕ್ಟರ್ ಥೋರ್ಗಿಲ್ಸ್ ತಾನೇ ಮೇಲೆ ಹತ್ತಿ, ಕಬ್ಬಿಣದ ಸಲಾಕೆಗೆ ಕೂಲಿಯವರ ನೀಲಿ ಅಂಗಿಯೊಂದನ್ನು ಕಟ್ಟಿದ. ಐಸ್‌ಲ್ಯಾಂಡಿನವನು, ಬಡಗಿಯ ಮಗ. ಮನೆಯ ಮಾಡು ಮುಗಿದ ದಿನ ಬಾವುಟ ಏರಿಸಬೇಕು, ಕಟ್ಟಿಸಿದ ಯಜಮಾನ ಕಟ್ಟಿದವರನ್ನು ಅದೇ ಮನೆಯಲ್ಲಿ ಕೂರಿಸಿ ಉಣಿಸಬೇಕು, ಉಣಿಸುವ ತನಕ ಬಾವುಟ ಇಳಿಯಬಾರದು, ಇದು ಅವನೂರಿನ ಕಟ್ಟಳೆಯಂತೆ. ಇಲ್ಲಿ ಪರದೇಶದ ಬಾವುಟ ಹಾರಿಸಿದರೆ ತಲೆನೋವು, ಅದಕ್ಕೇ ಅಂಗಿ.

ಸೈಟ್ ಸೂಪರ್‌ವೈಸರ್ ನಾನು, ಉಡುಪಿ ಕಡೆಯ ಸರ್ವೋತ್ತಮ. ಊಟ ತಾನೇ ಎಂದುಕೊಂಡು ಮುರಕ್ಕಬಾತ್ ರಸ್ತೆಯ ಹೋಟೆಲಿಗೆ ಫೋನ್ ಮಾಡಿ, ಬಿರಿಯಾನಿ ಪೊಟ್ಟಣಗಳನ್ನು ಲೇಬರ್ ಕ್ಯಾಂಪಿಗೆ ಕಳಿಸಲು ಹೇಳಿಬಿಟ್ಟೆ. ಗಲ್ಫಿನಲ್ಲಿ ನಾವು ಕಲಿತ ದೊಡ್ಡತನ ಅಷ್ಟೇ: ಹೊಟ್ಟೆ ತುಂಬಿಸು, ಆದರೆ ಕಣ್ಣಿಗೆ ಬೀಳದಂತೆ ತುಂಬಿಸು. ಥೋರ್ಗಿಲ್ಸ್ ನಕ್ಕುಬಿಟ್ಟ. ದಾನ ಮಾಡು ಅಂತ ನಿನಗೆ ಯಾರು ಹೇಳಿದರು ಎಂದು ಕೇಳಿದ.

ಮಧ್ಯಾಹ್ನ ಯಜಮಾನನ ಮ್ಯಾನೇಜರ್ ಶರ್ವಿನ್ ಬಂದ. ಮಂಗಳೂರಿನವನೇ. ಸಂಜೆ ಛಾವಣಿಯ ಮೇಲೆ ಪಾರ್ಟಿ, ಅಷ್ಟರೊಳಗೆ ಕೂಲಿಯವರೆಲ್ಲ ಬಸ್ಸು ಹತ್ತಿರಬೇಕು ಎಂದ. ನನ್ನನ್ನು ಪಕ್ಕಕ್ಕೆ ಎಳೆದ.

"ಮಾರಾಯ, ನಿನ್ನ ಬಿಳಿಯನಿಗೆ ಬುದ್ಧಿ ಹೇಳು. ಬೆವರಿನ ಅಂಗಿ ನೋಡಿಕೊಂಡು ಗೆಸ್ಟುಗಳು ಜ್ಯೂಸ್ ಕುಡಿಯಬೇಕಾ?"

ಅಂಗಿ ಇಳಿಯದಿದ್ದರೆ ಇದೇ ಯಜಮಾನನ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕಟ್ಟಡದ ಕೆಲಸ ನಮಗಿಲ್ಲ ಎಂದೂ ಹೇಳಿದ. ಮುಂದಕ್ಕೆ ನಮ್ಮ ಕೈಯಲ್ಲಿದ್ದ ಕೆಲಸ ಅದೊಂದೇ. ಅದು ಹೋದರೆ ಕಂಪನಿಗೆ ಬೀಗ, ನಮ್ಮೆಲ್ಲರ ವೀಸಾ ಖಲಾಸ್.

ಥೋರ್ಗಿಲ್ಸ್ ಎಲ್ಲರನ್ನೂ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದ. ಕಳೆದುಕೊಳ್ಳುವವರು ನೀವೂ ಹೌದು, ನೀವೇ ನಿರ್ಧರಿಸಿ ಎಂದ.

ಮೇಸ್ತ್ರಿ ಲಿಯೊನೆಲ್ ಏಣಿ ಹತ್ತಿದ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಫೀಸು ಕಾಯುತ್ತಿದೆ, ಇಳಿಸುತ್ತಾನೆ ಎಂದುಕೊಂಡೆ. ಶರ್ವಿನ್ ಮುಖವೂ ಅರಳಿತು. ಲಿಯೊನೆಲ್ ತನ್ನ ಅಂಗಿ ಬಿಚ್ಚಿ, ಮೊದಲನೆಯದರ ಕೆಳಗೆ ಬಿಗಿದು ಕಟ್ಟಿ, ಬನಿಯನ್ನಿನಲ್ಲೇ ಇಳಿದು ಬಂದ. ಆಮೇಲೆ ಏಣಿ ಖಾಲಿ ಇರಲಿಲ್ಲ.

ಅಬುಧಾಬಿ ಮಾಫಿ, ಆ ಕೆಲಸ ನಿಮಗಿನ್ನಿಲ್ಲ ಎಂದು ಶರ್ವಿನ್ ಕಾರಿನ ಬಾಗಿಲು ಬಡಿದು ಹೋದ. ನಾನು ಹೋಟೆಲಿಗೆ ಮತ್ತೆ ಫೋನ್ ಮಾಡಿ ಬಿರಿಯಾನಿಯನ್ನು ವಿಲ್ಲಾಕ್ಕೇ ತರಿಸಿದೆ. ನಾವೇ ಹಾಸಿದ ಮಾರ್ಬಲ್ ಮೇಲೆ, ನಡುಹಾಲಿನಲ್ಲಿ, ಚಕ್ಕಳಮಕ್ಕಳ ಹಾಕಿ ಕೂತು ಉಂಡೆವು. ಬಾಗಿಲಿಗೆ ಬಂದ ಅತಿಥಿಗಳು ಅಲ್ಲೇ ನಿಂತರು.

ಕೈ ತೊಳೆದು, ಇನ್ನು ಅಂಗಿ ಇಳಿಸೋಣವಾ ಎಂದು ನಾನು ಥೋರ್ಗಿಲ್ಸನನ್ನು ಕೇಳಿದೆ. ಉತ್ತರ ಕೊಟ್ಟವನು ಲಿಯೊನೆಲ್.

"ಉಣಿಸಿದ್ದು ನಾವೇ ಅಲ್ವಾ ಸರ್ವೋತ್ತಮಣ್ಣ? ಯಜಮಾನ ಇನ್ನೂ ಉಣಿಸಿಲ್ಲ. ಇರಲಿ ಅಲ್ಲೇ."