ಗೆರೆ ಎಳೆದದ್ದು ಒಂದೇ ಸಾಲಿಗೆ

ಯಾರಿಗಾದರೂ ಜ್ವರ ಬಂದರೆ, ಕಾಲು ಉಳುಕಿದರೆ, ಆ ಬೀದಿಯವರು ಮೊದಲು ಕರೆಯುವುದು ನರ್ಸಕ್ಕನನ್ನು. ಅವಳೂ ಬೇಸರಪಡದೆ ಹೋಗುತ್ತಾಳೆ. ಆದರೆ ಆ ಮಧ್ಯಾಹ್ನ ಸ್ವಂತ ತಮ್ಮನೇ ಫೋನ್ ಮಾಡಿ ಕೇಳಿದ ಮಾತಿಗೆ ಅವಳ ತಲೆ ಕೆಟ್ಟುಹೋಯಿತು.

“ಅಕ್ಕ, ಬರುವಾಗ ಒಂದು ನಿದ್ದೆ ಇಂಜೆಕ್ಷನ್ ತಗೊಂಡು ಬಾ. ಮಗಳಿಗೆ ಕೊಡ್ಬೇಕು.”

“ಯಾಕೋ, ಏನಾಯ್ತು ಅವಳಿಗೆ?”

“ಇಂಥವರನ್ನ ಸರಿ ಮಾಡೋ ಜಾಗ ಒಂದಿದೆಯಂತೆ. ಸಾಯಂಕಾಲ ವ್ಯಾನ್ ಬರುತ್ತೆ. ಎಚ್ಚರ ಇದ್ರೆ ಅವಳು ಹತ್ತಲ್ಲ.”

ತಮ್ಮನ ಮಗಳು ಸಿಟಿ ಬಸ್ ಓಡಿಸುತ್ತಾಳೆ. ತನಗೆ ಗಂಡು ಹುಡುಕಬೇಡಿ, ಡಿಪೋದಲ್ಲಿ ಕೆಲಸ ಮಾಡುವ ಗೆಳತಿಯೇ ತನ್ನ ಜೀವ, ಅವಳ ಜೊತೆಗೇ ಬಾಳುತ್ತೇನೆ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದಳು. ಅಂದಿನಿಂದ ಅಪ್ಪನಿಗೆ ಮನೆಯ ಧರ್ಮಗ್ರಂಥವೊಂದು ಬಿಟ್ಟರೆ ಬೇರೆ ಮಾತಿಲ್ಲ.

ನರ್ಸಕ್ಕ ಇಂಜೆಕ್ಷನ್ ತರಲಿಲ್ಲ. ಯೂನಿಫಾರ್ಮ್ ಸಹ ಬದಲಿಸದೆ ದಡದಡ ಹೊರಟಳು. ತಮ್ಮನ ಬಣ್ಣದಂಗಡಿಯ ಶಟರ್ ಅರ್ಧ ಇಳಿದಿತ್ತು. ಪಕ್ಕದ ಮೆಟ್ಟಿಲು ಹತ್ತಿದರೆ ಮನೆ. ಒಳಕೋಣೆಗೆ ಹೊರಗಿನಿಂದ ಬೀಗ. ಮೇಜಿನ ಮೇಲೆ ಗ್ರಂಥ ತೆರೆದಿತ್ತು. ಒಂದು ಸಾಲಿನ ಕೆಳಗೆ ಕೆಂಪು ಗೆರೆ.

“ಹುಚ್ಚು ಹಿಡಿದಿದೆಯೇನೋ ನಿನಗೆ? ಹೆತ್ತ ಮಗಳನ್ನ ಕೂಡಿಹಾಕಿದ್ದೀಯಲ್ಲ!”

“ನಾನು ಹೇಳ್ತಿಲ್ಲ ಅಕ್ಕ, ಗ್ರಂಥ ಹೇಳ್ತಿದೆ. ಹೆಣ್ಣು ಹೆಣ್ಣನ್ನ ಬಯಸೋದು ತಪ್ಪು ಅಂತ ಸ್ಪಷ್ಟವಾಗಿ ಬರೆದಿದೆ. ಬೇಕಾದ್ರೆ ಓದು.”

“ಇಷ್ಟು ದಿನ ಫೋನಲ್ಲಿ ಅದನ್ನೇ ಓದಿ ಕಿವಿ ತೂತು ಮಾಡಿದ್ದೀಯ. ಈಗ ನಾನು ಹೇಳೋದು ಕೇಳು. ಇದು ಕಾಯಿಲೆ ಅಲ್ಲ ಕಣೋ. ಡಾಕ್ಟರುಗಳು ಇದನ್ನ ಕಾಯಿಲೆ ಅನ್ನೋದು ಬಿಟ್ಟು ಎಷ್ಟೋ ಕಾಲ ಆಯ್ತು. ಕಾಯಿಲೆನೇ ಅಲ್ಲದ್ದಕ್ಕೆ ಔಷಧಿ ಎಲ್ಲಿಂದ ತರ್ತಾರೆ ಅವರು? ಅಂಥ ಜಾಗದಿಂದ ಬಂದವರನ್ನ ನಮ್ಮ ವಾರ್ಡಲ್ಲಿ ನೋಡಿದ್ದೀನಿ. ಸರಿಯಾಗಿ ಬಂದವರು ಯಾರೂ ಇಲ್ಲ. ಮನಸ್ಸು ಮುರಿದುಕೊಂಡು ಬಂದವರೇ ಎಲ್ಲ.”

“ಆಸ್ಪತ್ರೆ ಪುರಾಣ ನನಗೆ ಬೇಡ. ಗ್ರಂಥದ ಮಾತಿದ್ರೆ ಹೇಳು.”

ನರ್ಸಕ್ಕನಿಗೆ ರೇಗಿತು. ಹಾಳೆ ಮಗುಚಿ, ಇಬ್ಬರು ಹೆಂಗಸರು ಸಾಯುವವರೆಗೂ ಒಬ್ಬರನ್ನೊಬ್ಬರು ಬಿಡದ ಒಂದು ಕಥೆಗೆ ಬೆರಳಿಟ್ಟಳು. “ಇದೇನು ಹಾಗಾದ್ರೆ?”

“ಅದು ಸ್ನೇಹ. ಅದರ ಅರ್ಥವೇ ಬೇರೆ.” ಅವನು ಇನ್ನೊಂದು ಸಾಲು ತೆಗೆದ. ಅವಳು ಮತ್ತೊಂದು ತೆಗೆದಳು. ಇಬ್ಬರೂ ತರಕಾರಿ ಆರಿಸುವವರ ಹಾಗೆ ತಮಗೆ ಬೇಕಾದ್ದನ್ನು ಹೆಕ್ಕುತ್ತಾ, ಬೇಡವಾದ್ದನ್ನು ತಳ್ಳುತ್ತಾ ಕೂತುಬಿಟ್ಟರು.

ಬೀಗ ಹಾಕಿದ ಕೋಣೆಯಿಂದ ದನಿ ಬಂತು. “ಅತ್ತೆ, ನೀರು ಬೇಕು.”

ನರ್ಸಕ್ಕನ ಮುಖ ಸುಟ್ಟ ಹಾಗಾಯಿತು. ಒಳಗೆ ಹುಡುಗಿ ಬಾಯಾರಿ ಕೂತಿದ್ದಾಳೆ, ತಾನು ಇಲ್ಲಿ ಇವನ ಆಟಕ್ಕೇ ಇಳಿದೆನಲ್ಲ!

“ಬೀಗ ತೆಗಿ.”

“ತೆಗೆಯಲ್ಲ.”

ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಆಗ ಮುಂದೆ ಬಂದಳು. ಗಂಡನಿಗೆ ಎದುರು ಮಾತಾಡಿದವಳಲ್ಲ. ಗ್ರಂಥವನ್ನು ತನ್ನ ಕಡೆ ತಿರುಗಿಸಿಕೊಂಡು, ಕೆಂಪು ಗೆರೆಯ ಪುಟಕ್ಕೇ ಮರಳಿ, ಆ ಸಾಲು ಬಿಟ್ಟು ಎದುರು ಪುಟಕ್ಕೆ ಬೆರಳಿಟ್ಟಳು.

“ರೀ, ಇದನ್ನೂ ಓದಿ.”

“ಅದು ಈಗ್ಯಾಕೆ?”

“ಹಾಗಾದ್ರೆ ನಾನೇ ಓದ್ತೀನಿ. ‘ಗಂಡನನ್ನು ಬಿಟ್ಟು ಬಂದವಳನ್ನು ಯಾರೂ ಮನೆ ತುಂಬಿಸಿಕೊಳ್ಳಬಾರದು.’ ಇದು ನಾನು.”

ಮೊದಲ ಗಂಡನ ಹೊಡೆತ ತಾಳದೆ ಬಂದವಳು ಅವಳು. ತಮ್ಮ ಅವಳನ್ನು ಮದುವೆಯಾಗುತ್ತೇನೆಂದು ನಿಂತಾಗ ಹಿರಿಯರು ಇದೇ ಸಾಲು ಹಿಡಿದು ಅಡ್ಡ ಬಂದಿದ್ದರು. “ಅದು ಆ ಕಾಲಕ್ಕೆ ಬರೆದದ್ದು, ಈಗ ನಡೆಯಲ್ಲ” ಎಂದು ಅವತ್ತು ಅವರ ಬಾಯಿ ಮುಚ್ಚಿಸಿದವನು ಇವನೇ.

“ನನ್ನ ಸಾಲಿಗೆ ಕಾಲ ಮುಗೀತು, ಮಗಳ ಸಾಲಿಗೆ ಮುಗೀಲಿಲ್ವಾ? ಯಾವುದು ಹಳೇದು, ಯಾವುದು ಇವತ್ತಿಗೂ ನಡೆಯೋದು ಅಂತ ಆರಿಸಿದ್ದು ಗ್ರಂಥ ಅಲ್ಲ ರೀ, ನೀವು. ವ್ಯಾನಿನವರಿಗೆ ಎರಡು ಸೀಟು ಹೇಳಿ. ನಾನೂ ಹೊರಡ್ತೀನಿ.”

ಅವನು ಜೇಬಿನಿಂದ ಬೀಗದ ಕೈ ತೆಗೆದು ಅಕ್ಕನ ಮುಂದೆ ಚಾಚಿದ. “ನನಗೆ ಒಂದೂ ಅರ್ಥ ಆಗ್ತಿಲ್ಲ ಅಕ್ಕ.”

“ಅರ್ಥ ನಿಧಾನವಾಗಿ ಆಗ್ಲಿ. ಬೀಗ ಈಗ ತೆಗಿ. ಹಾಕಿದವನು ನೀನು, ನೀನೇ ತೆಗಿ.”

ಅವನೇ ಬೀಗ ತೆಗೆದ. ಮಗಳು ಹೊರಗೆ ಬಂದಳು. ಅಮ್ಮ ಕೊಟ್ಟ ನೀರನ್ನು ಗಟಗಟ ಕುಡಿದಳು. ಅಪ್ಪನ ಕಡೆ ತಿರುಗಿಯೂ ನೋಡದೆ ಶೂ ಹಾಕಿಕೊಳ್ಳತೊಡಗಿದಳು.

ಅವನು ಫೋನ್ ಎತ್ತಿಕೊಂಡ. “ವ್ಯಾನ್ ಕಳಿಸ್ಬೇಡಿ. ಹೌದು, ಬೇಡ. ಇಲ್ಲ ಸ್ವಾಮಿ, ನಮ್ಮ ಮನೇಲಿ ಯಾರಿಗೂ ಹುಷಾರು ತಪ್ಪಿಲ್ಲ.”

ಲೇಸು ಕಟ್ಟುತ್ತಿದ್ದ ಮಗಳ ಕೈ ನಿಂತಿತು. ತಲೆ ಎತ್ತದೆಯೇ ಕೇಳಿದಳು. “ಭಾನುವಾರ ಅವಳನ್ನ ಕರ್ಕೊಂಡು ಬರ್ಲಾ?”

“ಬರ್ಲಿ. ಏನು ಮಾತಾಡ್ಬೇಕೋ ನನಗೆ ಗೊತ್ತಿಲ್ಲ.”

“ಸದ್ಯ! ನೀನು ಮಾತಾಡಿದ್ದು ಸಾಕು,” ಎಂದಳು ನರ್ಸಕ್ಕ. “ಅವತ್ತೊಂದು ದಿನ ಕೇಳಿಸ್ಕೋ.”

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಗ್ರಂಥ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದರಲ್ಲಿ ಬಾಳಿಗೆ ಹೊಂದದ ಎಷ್ಟೋ ಮಾತುಗಳನ್ನು ನೀವಾಗಲೇ ಸದ್ದಿಲ್ಲದೆ ಬಿಟ್ಟಿದ್ದೀರಿ. ಹಾಗಿರುವಾಗ ಒಂದೇ ಒಂದು ಸಾಲು ಹಿಡಿದು ಮಕ್ಕಳ ಮೇಲೆ ಬೀಸಬೇಡಿ. ಮಗನೋ ಮಗಳೋ ಧೈರ್ಯ ಮಾಡಿ ಮನಸ್ಸು ಬಿಚ್ಚಿದರೆ ಪಕ್ಕದಲ್ಲಿ ಕೂತು ಕೇಳಿ. ‘ಸರಿ ಮಾಡುತ್ತೇವೆ’ ಎನ್ನುವವರನ್ನು ಹೊಸ್ತಿಲಲ್ಲೇ ತಡೆಯಿರಿ. ಸಂದೇಹವಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಪಕ್ಕದ ಮನೆಯಲ್ಲಿ ಯಾರನ್ನಾದರೂ ಹೀಗೆ ಕೂಡಿಹಾಕಿದ್ದು ತಿಳಿದರೆ, ನಮಗ್ಯಾಕೆ ಎಂದು ಸುಮ್ಮನಿರಬೇಡಿ. ಇವತ್ತೇ ಹೋಗಿ ಬಾಗಿಲು ತಟ್ಟಿ.