ಕೆಂಪು ಕುದುರೆ, ಬೂದು ಆನೆ

ಕುದುರೆಗಳಿಗೆ ಕಾಲು ಹೋಗಿ ಚಕ್ರ ಬಂದ ಕಾಲದಲ್ಲಿ ಒಬ್ಬ ರಾಜಕುಮಾರನಿದ್ದ. ಅವನ ರಾಜ್ಯವೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಗೇಟಿನ ಹೊರಗೆ ಒಂದು ಕಾರು ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ಅವನ ಕೆಂಪು ಕುದುರೆ ನಿಂತಿರುತ್ತಿತ್ತು. ಅದು ಒಮ್ಮೆ ಗಂಟಲು ಸರಿ ಮಾಡಿಕೊಂಡರೆ ಬೀದಿಯ ಕಿಟಕಿಗಳೆಲ್ಲ ನಡುಗುತ್ತಿದ್ದವು. ರಾಜಕುಮಾರನಿಗೆ ಒಬ್ಬಳು ಅಜ್ಜಿಯಿದ್ದಳು. ಅವಳಿಗೆ ಅವನು ಒಂದು ಮಾತು ಕೊಟ್ಟಿದ್ದ.

ರಾಜಕುಮಾರ ನನ್ನ ಅಣ್ಣ. ಗಾಜಿನಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸ. ಕುದುರೆಯೆಂದರೆ ನಾಲ್ಕು ಬಾಗಿಲಿನ ಒಂದು ಪೆಟ್ರೋಲ್ ಕಾರು. ಕಂಪನಿಯಿಂದ ಬಂದಾಗ ಅದು ಸಾಧು ಪ್ರಾಣಿಯೇ ಆಗಿತ್ತಂತೆ. ಅಣ್ಣನೂ ಅವನ ಗೆಳೆಯ ಸ್ಪ್ಯಾನರನೂ ಸೇರಿ ಅದರ ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ತಗ್ಗಿಸಿದರು, ಇಂಜಿನ್ನಿಗೆ ಟರ್ಬೊ ಕೂರಿಸಿದರು, ತೋಳಿನಷ್ಟು ದಪ್ಪದ ಸೈಲೆನ್ಸರ್ ಹಾಕಿದರು. ಸ್ಪ್ಯಾನರ್ ಹೆಸರಿಗೆ ಮೆಕ್ಯಾನಿಕ್, ಆದರೆ ಅವನ ಗ್ಯಾರೇಜಿನಲ್ಲಿ ಬೇರೆಯವರ ಕಾರುಗಳೆಲ್ಲ ಬಾಯಿ ತೆರೆದುಕೊಂಡು ಕಾಯುತ್ತಿದ್ದರೆ ಅವನು ಮಾತ್ರ ನಮ್ಮದರ ಕೆಳಗೆ ಮಲಗಿರುತ್ತಿದ್ದ.

“ಅದಕ್ಕೆ ಸೈಲೆನ್ಸರ್ ಅಂತ ಯಾಕಪ್ಪ ಕರೀತಾರೆ?” ಎಂದು ಅಮ್ಮ ಕೇಳುತ್ತಿದ್ದಳು. “ಸೈಲೆಂಟಾಗಿರೋದು ಅದರಲ್ಲಿ ಯಾವ ಭಾಗ?” ಮೂರನೇ ಮನೆಯ ಮೇಷ್ಟ್ರಂತೂ ಕಿವಿಗೆ ಹತ್ತಿ ಇಟ್ಟುಕೊಂಡೇ ಪೇಪರ್ ಓದುತ್ತಿದ್ದರು.

ಬೀದಿಯಲ್ಲಿ ಆ ಸದ್ದನ್ನು ಪ್ರೀತಿಸುತ್ತಿದ್ದವಳು ಅಜ್ಜಿಯೊಬ್ಬಳೇ. ಏಕೆಂದರೆ ಅವಳಿಗೆ ಕೇಳಿಸುತ್ತಿದ್ದದ್ದು ಅದೊಂದೇ.

ಅಜ್ಜಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ಅವಳ ಅಕ್ಕ ಪಕ್ಕದ ಮಗ್ಗದಲ್ಲಿ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿನ ಹೆಂಗಸರು ದನಿಯನ್ನೇ ಬಿಟ್ಟುಬಿಟ್ಟಿದ್ದರು. ತುಟಿ ಆಡಿಸಿ, ಹುಬ್ಬು ಕುಣಿಸಿ, ಇಡೀ ಸಂಸಾರದ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಮೇಸ್ತ್ರಿ ಎದುರಿಗೇ ನಿಂತಿದ್ದರೂ ಅವನ ಹೊಟ್ಟೆಯ ಬಗ್ಗೆ ಮಾತಾಡಿ ನಗುತ್ತಿದ್ದರಂತೆ. ಗಿರಣಿ ಮುಚ್ಚುವ ಹೊತ್ತಿಗೆ ಅಕ್ಕತಂಗಿ ಇಬ್ಬರ ಕಿವಿಯೂ ಹೋಗಿತ್ತು, ತುಟಿಮಾತು ಮಾತ್ರ ಉಳಿದಿತ್ತು.

ನಮ್ಮಜ್ಜಿ ಕಥೆ ಹೇಳುವಾಗ ದೀಪ ಆರಿಸುವಂತಿರಲಿಲ್ಲ. ನಾನು ‘ಹೂಂ’ ಅನ್ನುವುದು ಅವಳಿಗೆ ಕಾಣಬೇಕಿತ್ತು. ಹಾಗಾಗಿ ನನ್ನ ಕಥೆಗಳ ರಾಕ್ಷಸರೆಲ್ಲ ಟ್ಯೂಬ್‌ಲೈಟಿನ ಬೆಳಕಿನಲ್ಲೇ ಬಂದವರು.

ಕೆಂಪು ಕಾರು ಮುಖ್ಯರಸ್ತೆಯಿಂದ ನಮ್ಮ ಬೀದಿಗೆ ತಿರುಗಿದ ಕೂಡಲೇ ಆ ಸದ್ದು ನೆಲದ ಒಳಗಿಂದ ಅಜ್ಜಿಯ ಪಾದಕ್ಕೆ ಹತ್ತುತ್ತಿತ್ತು. ನಮಗೆ ಕೇಳಿಸುವ ಮೊದಲೇ ಅವಳು, “ಬಂದ, ತಟ್ಟೆ ಹಾಕು” ಅನ್ನುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

ಅವಳ ಅಕ್ಕ, ನಮ್ಮ ದೊಡ್ಡಜ್ಜಿ, ಬೆಟ್ಟದ ಆಚೆಗಿನ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ಕಾಲು ಮುರಿದುಕೊಂಡ ಮೇಲೆ ಹೊಸ್ತಿಲು ದಾಟಿರಲಿಲ್ಲ. ಫೋನು ಇಬ್ಬರಿಗೂ ದಂಡ. ವಿಡಿಯೋ ಕರೆ ಮಾಡಿಕೊಟ್ಟರೆ ದೊಡ್ಡಜ್ಜಿಯ ತುಟಿ ಅರ್ಧ ಮಾತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿತ್ತು, ಆಮೇಲೆ ಗಡಿಬಿಡಿಯಲ್ಲಿ ಓಡುತ್ತಿತ್ತು. “ಇವಳಿಗೆ ಯಾರು ಹೀಗೆ ಗುಳುಗುಳು ಮಾತಾಡೋದು ಕಲಿಸಿದ್ದು?” ಎಂದು ಅಜ್ಜಿ ಫೋನನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದಳು.

ಆಮೇಲೆ ಸುದ್ದಿ ಬಂತು, ದೊಡ್ಡಜ್ಜಿಯ ಕಣ್ಣು ಮಂಜಾಗುತ್ತಿದೆಯೆಂದು. ಆಪರೇಷನ್ನಿನಿಂದ ಸರಿಹೋಗುವ ಮಂಜಲ್ಲ. ಈಗ ಹತ್ತಿರದ್ದು ಕಾಣುತ್ತದೆ, ಇನ್ನು ಸ್ವಲ್ಪ ಕಾಲದಲ್ಲಿ ಅದೂ ಇಲ್ಲ.

ಅಜ್ಜಿ ಅವತ್ತು ಊಟ ಮಾಡಲಿಲ್ಲ. “ಕಣ್ಣು ಹೋದ ಮೇಲೆ ನಾನು ಅವಳ ಹತ್ತಿರ ಹೇಗೆ ಮಾತಾಡಲಿ?” ಎಂದು ಯಾರನ್ನೂ ನೋಡದೆ ಕೇಳಿದಳು. ಅಣ್ಣ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಬಿಡಿಸಿ ಬಿಡಿಸಿ ಹೇಳಿದ. “ಕಣ್ಣು ಹೋಗೋ ಮೊದಲು ನಾನೇ ನಿನ್ನ ಕರ್ಕೊಂಡು ಹೋಗ್ತೀನಿ. ಅವಳ ಬಾಗಿಲ ಮುಂದೆ ಇಳಿಸ್ತೀನಿ. ಮಾತು ಕೊಟ್ಟೆ.”

ಮುಂದಿನ ರಜೆಯಲ್ಲೇ ಹೊರಟೆವು. ಕೆಂಪು ಕಾರಿನ ಸೀಟಿಗೆ ಅಜ್ಜಿಯನ್ನು ಕೂರಿಸುವುದೆಂದರೆ ಬಾವಿಗೆ ಕೊಡ ಇಳಿಸಿದ ಹಾಗೆ. ಅವಳು ಮಾತ್ರ ಎರಡೂ ಅಂಗೈಯನ್ನು ಬಾಗಿಲಿಗೆ ಒತ್ತಿಕೊಂಡು ಹಿಗ್ಗುತ್ತಿದ್ದಳು. “ಗಿರಣಿ ಕಣೇ ಪುಟ್ಟೀ, ಪೂರ್ತಿ ಗಿರಣಿ.” ಬೆಟ್ಟದ ಬುಡದ ಹಳ್ಳಕೊಳ್ಳದ ರಸ್ತೆ ಶುರುವಾದಾಗ ಮಾತು ನಿಂತಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದ ಅಣ್ಣ ಗಾಡಿ ತಿರುಗಿಸಿದ. ಮನೆಗೆ ಬಂದಾಗ ಅವಳಿಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಸೊಂಟದ ಮೂಳೆ ಸವೆದಿದೆ, ಬಸ್ಸೂ ಬೇಡ, ಎತ್ತಿಹಾಕುವ ಯಾವ ಗಾಡಿಯೂ ಬೇಡ ಎಂದರು ಡಾಕ್ಟರು.

“ಹಳೇ ಸ್ಪ್ರಿಂಗ್ ವಾಪಸ್ ಹಾಕೋಣ,” ಎಂದ ಸ್ಪ್ಯಾನರ್.

“ಎಲ್ಲಿದೆ ಹಳೇದು? ನೀನೇ ಅಲ್ವ ಗುಜರಿಗೆ ಹಾಕಿದ್ದು. ಹಾಕಿದ್ರೂ ಆ ಸೀಟಿಗೆ ಅವಳು ಹೇಗೆ ಇಳೀತಾಳೆ, ಹೇಗೆ ಏಳ್ತಾಳೆ?”

ಸ್ಪ್ಯಾನರ್ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತ. ಮಾರುವುದೊಂದೇ ದಾರಿ ಉಳಿದಿತ್ತು.

ಕೆಂಪು ಕಾರನ್ನು ಕೊಳ್ಳಲು ಬಂದವನು ಅಣ್ಣನಿಗಿಂತ ಚಿಕ್ಕವನು. ಕೀಲಿ ಸಿಕ್ಕ ಖುಷಿಗೆ ಬೀದಿಯ ತುದಿಯವರೆಗೂ ಗುಡುಗಿಸಿಕೊಂಡೇ ಹೋದ. ಅಜ್ಜಿ ಒಳಗಿನಿಂದ, “ಬಂದ, ತಟ್ಟೆ ಹಾಕು” ಎಂದಳು. ಅಣ್ಣ ಗೇಟಿನ ಹತ್ತಿರವೇ ನಿಂತಿದ್ದ.

ಹೊಸದಾಗಿ ಬಂದದ್ದು ಯಾವುದೋ ಕಂಪನಿಯ ದೊಡ್ಡ ಅಧಿಕಾರಿ ಓಡಾಡುತ್ತಿದ್ದ ಡೀಸೆಲ್ ಕಾರು. ಉದ್ದ, ಬೂದು ಬಣ್ಣ, ಒಳಗೆ ಕೂತರೆ ಸೋಫಾದಲ್ಲಿ ಕೂತ ಹಾಗೆ. ಗೇರು ತಾನೇ ಬದಲಾಗುತ್ತಿತ್ತು. ಅಣ್ಣನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಸೋತಿತು.

“ಹೇಗಿದೆಯೋ?” ಎಂದು ಅಮ್ಮ ಕೇಳಿದಳು.

“ಚೆನ್ನಾಗಿದೆ. ಬ್ಯಾಂಕಿನೊಳಗೆ ಕೂತ ಹಾಗಿದೆ.”

“ಹೊಗಳ್ತಿದೀಯೋ ಬೈತಿದೀಯೋ?”

“ನನಗೂ ಗೊತ್ತಾಗ್ತಿಲ್ಲಮ್ಮ. ಕಾಲಿಟ್ಟರೆ ಓಡತ್ತೆ, ತೆಗೆದರೆ ನಿಲ್ಲತ್ತೆ. ನಾನು ಇದೀನೋ ಇಲ್ವೋ ಅಂತ ಅದಕ್ಕೆ ಚಿಂತೆಯೇ ಇಲ್ಲ.”

ಸಂಜೆ ಅದು ಬೆಕ್ಕಿನ ಹಾಗೆ ಬಂದು ನಿಲ್ಲುತ್ತಿತ್ತು. ಅಜ್ಜಿ ನೆಲಕ್ಕೆ ಪಾದ ಊರಿಕೊಂಡು ಕಾಯುತ್ತ ಕೂತಿದ್ದರೆ ಅಣ್ಣ ಆಗಲೇ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ತಿರುಗಿ ನೋಡಿ ಅವಳು ಬೆಚ್ಚಿಬೀಳುತ್ತಿದ್ದಳು. “ಕಳ್ಳನ ಹಾಗೆ ಬರ್ತೀಯಲ್ಲೋ.” ತಟ್ಟೆ ತಡವಾಗತೊಡಗಿತು. ಅತ್ತ ಮೇಷ್ಟ್ರು ಒಂದು ದಿನ ಗೇಟಿಗೆ ಬಂದು, “ಏನಪ್ಪ, ಹಿಂದಿನಿಂದ ಬಂದದ್ದೇ ಗೊತ್ತಾಗಲ್ಲ, ಮೊದಲಿನದೇ ವಾಸಿ, ಸಾಯೋನಿಗೆ ಮುಂಚೆ ತಿಳೀತಿತ್ತು,” ಎಂದು ಹೇಳಿ ಹೋದರು.

ಮತ್ತೆ ಹೊರಟೆವು. ಈ ಸಲ ಅಜ್ಜಿ ಕುರ್ಚಿಯಲ್ಲಿ ಕೂತ ಹಾಗೆ ಸಲೀಸಾಗಿ ಮುಂದಿನ ಸೀಟಿನಲ್ಲಿ ಕೂತಳು. ಅಣ್ಣ ಬೆಲ್ಟ್ ಹಾಕಿದ. ಮುಖ್ಯರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ನಿಂತಾಗ ಎಣ್ಣೆ ಉಳಿಸಲು ಅದರ ಇಂಜಿನ್ ತಾನಾಗಿಯೇ ಆರಿಹೋಗುತ್ತದೆ, ಬ್ರೇಕ್ ಬಿಟ್ಟರೆ ತಾನಾಗಿಯೇ ಏಳುತ್ತದೆ. ಅಣ್ಣ ಹಿಂದಿನ ದಿನವಷ್ಟೇ ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದ್ದ.

ನಾನು ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಯಾವುದೋ ಲೋಕದಲ್ಲಿದ್ದೆ. ಬಾಗಿಲು ತೆರೆದ ಸದ್ದು ಕೇಳಿಸಿತು. ನೋಡಿದರೆ ಅಜ್ಜಿ ಬೆಲ್ಟ್ ಬಿಚ್ಚಿಕೊಂಡು ಇಳಿದೇ ಬಿಟ್ಟಿದ್ದಳು. ಬಸ್ಸಿಗೂ ಬೈಕುಗಳಿಗೂ ನಡುವೆ ನಿಂತು, ಕಾರಿನ ಮೂತಿಯ ಕಡೆ ಬಗ್ಗಿ ನೋಡುತ್ತಿದ್ದಳು. ಹಸಿರು ದೀಪ ಬಿತ್ತು. ಹಿಂದಿನವರೆಲ್ಲ ಹಾರ್ನ್ ಒತ್ತಿಕೊಂಡು ಕೂತರು. ಅವಳಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಒಂದು ಬೈಕು ಅವಳ ಸೆರಗಿಗೆ ಸೋಕಿಕೊಂಡೇ ಹೋಯಿತು. ಅಣ್ಣ ಹಾರಿ ಹೋಗಿ ಅವಳನ್ನು ತಬ್ಬಿ ಹಿಡಿದ.

“ಕೆಟ್ಟೋಯ್ತಲ್ಲೋ ಗಾಡಿ,” ಎಂದಳು ಅಜ್ಜಿ ಶಾಂತವಾಗಿ.

ಅವತ್ತೂ ಹಿಂದಿರುಗಿದೆವು. ಅಣ್ಣ ಕಾರು ನಿಲ್ಲಿಸಿ ಒಳಗೆ ಬರದೆ ಸ್ಟಿಯರಿಂಗಿಗೆ ಹಣೆ ಇಟ್ಟುಕೊಂಡು ಕೂತುಬಿಟ್ಟ. ನಾನು ಪಕ್ಕದಲ್ಲಿ ಕೂತೆ.

“ಕೆಂಪು ಗಾಡಿ ಅವಳ ಸೊಂಟ ಮುರೀತು. ಇದು ಅವಳನ್ನ ರೋಡಲ್ಲಿ ಇಳಿಸ್ತು,” ಎಂದ. “ಅದನ್ನೂ ಕಳ್ಕೊಂಡೆ, ಇದರಿಂದಲೂ ಏನೂ ಆಗಲಿಲ್ಲ. ಇದರಲ್ಲಿ ಜೀವಾನೇ ಇಲ್ಲ ಪುಟ್ಟಿ. ಅವಳಿಗೆ ಬಿಡು, ನನಗೇ ಗೊತ್ತಾಗಲ್ಲ.”

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನಾನು ಎದ್ದು ಸೀಟು ಬಿಟ್ಟುಕೊಟ್ಟೆ. ಅವಳು ಅಣ್ಣನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು, ತುಟಿ ಓದಲು.

“ಯಾಕೆ ಇಳಿದೆ ನೀನು?” ಎಂದು ಅವನು ಕೇಳಿದ.

“ಇಳೀದೆ ಇನ್ನೇನು? ಮಗ್ಗ ತಣ್ಣಗಾದರೆ ನೂಲು ಕಡಿದಿದೆ ಅಂತ ಅರ್ಥ. ಎದ್ದು ಹುಡುಕಬೇಕು. ಸುಮ್ಮನೆ ಕೂತಿದ್ದರೆ ಆ ಹೊಟ್ಟೆ ಮೇಸ್ತ್ರಿ ಬಿಡ್ತಿದ್ದನಾ? ಅಂಗೈಲಿ ಗಾಡಿ ತಣ್ಣಗಾಯ್ತು, ಎದ್ದೆ.”

“ಅದು ಕೆಟ್ಟಿರಲಿಲ್ಲ. ಮಲಗಿತ್ತು.”

“ದಾರಿ ಮಧ್ಯೆ ಮಲಗೋದು ಆನೆ. ಕುದುರೆ ಅಲ್ಲ.”

ಅಣ್ಣನಿಗೆ ನಗು ಬಂತು, ಅಳುವಿನ ಪಕ್ಕದಲ್ಲೇ ಇರುವಂಥ ನಗು. ಆಮೇಲೆ ಅವನು ಗೇರಿನ ಮುಂದಿನ ಒಂದು ಬಟನ್ ನೋಡುತ್ತ ಕೂತ. ಇಂಜಿನ್ ಮಲಗದ ಹಾಗೆ ಮಾಡುವ ಬಟನ್ ಅದು. ಅದಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತು, ಒತ್ತಬೇಕೆಂದು ಮಾತ್ರ ಹೊಳೆದಿರಲಿಲ್ಲ. ಕಾರು ಶುರು ಮಾಡಿ ಅದನ್ನು ಒತ್ತಿದ. “ಈಗ ಮಲಗಲ್ಲ. ನಾನು ಹೇಳೋವರೆಗೂ ಎದ್ದಿರತ್ತೆ.”

ಅಜ್ಜಿಗೆ ಅಷ್ಟು ಬೇಗ ನಂಬಿಕೆ ಬರಲಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟಳು. ಇಲ್ಲವೆಂದು ತಲೆಯಾಡಿಸಿದಳು. ಸೀಟಿನ ಬದಿ ಮುಟ್ಟಿದಳು, ಎದುರಿನ ಹಲಗೆ ಮುಟ್ಟಿದಳು. ಕಿಟಕಿಯ ಗಾಜಿಗೆ ಬೆರಳು ತಾಗಿಸಿದಳು. ಮಲಗಿದ ಮಗುವಿಗೆ ಜ್ವರವಿದೆಯೋ ಎಂದು ನೋಡುವವಳ ಹಾಗೆ ಮುಟ್ಟುತ್ತ ಮುಟ್ಟುತ್ತ ಅವಳ ಕೈ ಇಬ್ಬರ ನಡುವಿನ ಗೇರು ಕೋಲಿನ ತುದಿಯ ಗುಂಡಿಯ ಮೇಲೆ ಬಂದು ನಿಂತಿತು. ಕಣ್ಣು ಮುಚ್ಚಿದಳು.

“ಇಲ್ಲಿದೆ.”

ಅಣ್ಣ ಅವಳ ಕೈಯ ಪಕ್ಕ ತನ್ನ ಬೆರಳುಗಳನ್ನಿಟ್ಟ. ಮುಖ ಗಂಟು ಹಾಕಿಕೊಂಡು ಹುಡುಕಿದ. ಆಮೇಲೆ ಹುಬ್ಬು ಮೇಲೇರಿತು. “ಹೌದಲ್ಲ,” ಎಂದ. “ನಿಧಾನಕ್ಕೆ ಹೊಡ್ಕೊಳ್ತಿದೆ.”

“ವಯಸ್ಸಾದವರ ನಾಡಿ ಹಾಗೇ ಕಣೋ. ಒತ್ತಿ ಹಿಡೀಬೇಕು.”

ಮಾರನೆಯ ದಿನ ಬೆಳಗ್ಗೆಯೇ ಹೊರಟೆವು. ಕಾರು ಶುರುವಾದ ಕೂಡಲೇ ಅಜ್ಜಿ ಆ ಬಟನ್ನಿನ ಕಡೆ ಬೆರಳು ತೋರಿಸಿದಳು. ಅಣ್ಣ ಒತ್ತಿದ. ಅವಳ ಅಂಗೈ ಗೇರಿನ ಗುಂಡಿ ಬಿಟ್ಟು ಅಲುಗಲಿಲ್ಲ. ಅದೇ ಸಿಗ್ನಲ್ಲಿನಲ್ಲಿ ಅದೇ ಕೆಂಪು ದೀಪ ಬಿತ್ತು. ನಾನು ಹಿಂದಿನಿಂದ ಅವಳ ಭುಜ ಹಿಡಿದುಕೊಂಡೆ. ಅವಳು ನನ್ನ ಕೈಗೊಂದು ಏಟು ಕೊಟ್ಟಳು. “ಬಿಡೇ, ಎಚ್ಚರ ಇದೆ ಅದಕ್ಕೆ.”

ಬೆಟ್ಟದ ಬುಡದ ರಸ್ತೆ ಬಂತು. ಅಣ್ಣ ಅಂಗಡಿಯಿಂದ ದೊಡ್ಡ ಗಾಜು ಸಾಗಿಸುವವನ ಹಾಗೆ ಓಡಿಸುತ್ತಿದ್ದ, ಹಳ್ಳಗಳನ್ನು ದೂರದಿಂದಲೇ ನೋಡಿಟ್ಟುಕೊಂಡು, ಒಂದೊಂದನ್ನೂ ಸವರಿಕೊಂಡು. ಕಾರು ಏರಿಳಿಯಿತು, ಎತ್ತಿಹಾಕಲಿಲ್ಲ. ತಿರುವುಗಳಲ್ಲಿ ಲಾರಿಗಳನ್ನು ದಾಟುವಾಗ ಅದು ಉಸಿರು ಏರಿಸದೆ ಸುಮ್ಮನೆ ಮುಂದಕ್ಕೆ ಹೋಗುತ್ತಿತ್ತು. ಒಮ್ಮೆ ಅಣ್ಣ, “ಶಕ್ತಿ ಇದೆ ಪುಟ್ಟಿ ಇದಕ್ಕೆ, ಹೇಳ್ಕೊಳ್ಳಲ್ಲ ಅಷ್ಟೇ,” ಎಂದ. ಹೇಳಿ ತಾನೇ ನಾಚಿಕೊಂಡ.

ಅಜ್ಜಿ ಕಥೆ ಹೇಳುತ್ತಿದ್ದಳು. ಕೆಂಪು ಕಾರಿನಲ್ಲಿ ನಮಗೆ ಅವಳ ದನಿ ಕೇಳಿಸುತ್ತಲೇ ಇರಲಿಲ್ಲ. ಇದರಲ್ಲಿ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ನಾನು ‘ಹೂಂ’ ಅಂದಾಗಲೆಲ್ಲ ಅವಳ ಭುಜ ಮುಟ್ಟುತ್ತಿದ್ದೆ. ಇಳಿಜಾರು ಶುರುವಾಗುವ ಹೊತ್ತಿಗೆ ರಾಜಕುಮಾರಿ ಇನ್ನೂ ಕಾಡಿನಲ್ಲಿರುವಾಗಲೇ ಅಜ್ಜಿಗೆ ನಿದ್ದೆ ಬಂತು. ಕೈ ಮಾತ್ರ ಅಲ್ಲೇ ಇತ್ತು.

ದೊಡ್ಡಜ್ಜಿಯ ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಬಾಗಿಲ ಪಕ್ಕದ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು, ಕಣ್ಣು ರಸ್ತೆಯ ಕಡೆಗೇ ಇದ್ದರೂ ಅವಳಿಗೆ ನಾವು ಕಾಣುತ್ತಿರಲಿಲ್ಲ. ಅಣ್ಣ ಕಾರನ್ನು ಕಿಟಕಿಗೆ ಅಂಟಿಸಿದಂತೆ ನಿಲ್ಲಿಸಿ, ಇಂಜಿನ್ ಆರಿಸದೆ ಸುತ್ತಿ ಬಂದು ಬಾಗಿಲು ತೆರೆದ. ಅಜ್ಜಿ ಒಂದು ಕಾಲು ಊರಿದಳು, ಇನ್ನೊಂದು ಊರಿದಳು, ನೆಟ್ಟಗೆ ನಿಂತಳು. ಸೊಂಟದ ಮೇಲೆ ಕೈಯಿಟ್ಟು ಪರೀಕ್ಷಿಸಿಕೊಂಡಳು. ಅಣ್ಣನ ಕಡೆ ನೋಡಿ ನೋವಿಲ್ಲವೆಂದು ತಲೆಯಾಡಿಸಿದಳು.

ಆಮೇಲೆ ಕಿಟಕಿಯ ಸರಳಿನೊಳಗಿಂದ ಕೈ ಹಾಕಿ ಅಕ್ಕನ ಮೊಣಕೈ ಮುಟ್ಟಿದಳು.

ದೊಡ್ಡಜ್ಜಿ ಆ ಕೈಯನ್ನು ತಡವಿದಳು. ಮುಂದಕ್ಕೆ ಬಗ್ಗಿ, ಸರಳಿಗೆ ಹಣೆ ತಾಗಿಸಿ, ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿಕೊಂಡಳು. ಅಜ್ಜಿಯ ತುಟಿ ಅಲುಗಿತು. ದೊಡ್ಡಜ್ಜಿಯ ತುಟಿ ಅಲುಗಿತು. ಒಂದಿಷ್ಟೂ ಸದ್ದಿಲ್ಲ. ಹುಬ್ಬುಗಳು ಕುಣಿದವು, ಇಬ್ಬರ ಕಣ್ಣಲ್ಲೂ ನೀರಿತ್ತು, ಮತ್ತೆ ಇಬ್ಬರೂ ಒಟ್ಟಿಗೆ ನಕ್ಕರು.

“ಏನಂತೆ?” ಎಂದು ಅಣ್ಣ ನನ್ನನ್ನು ಪಿಸುಗುಟ್ಟಿ ಕೇಳಿದ.

“ಪೂರ್ತಿ ತಿಳೀತಿಲ್ಲ. ಮೇಸ್ತ್ರಿ ಹೊಟ್ಟೆ ವಿಷಯ ಇರಬೇಕು.”

ಅಣ್ಣ ಕಾರಿನ ಹತ್ತಿರ ಹೋಗಿ, ತೆರೆದ ಬಾಗಿಲಿನೊಳಗೆ ಬಗ್ಗಿ, ಗೇರಿನ ಗುಂಡಿಯ ಮೇಲೊಮ್ಮೆ ಅಂಗೈ ಇಟ್ಟು, ಇಂಜಿನ್ ಆರಿಸಿದ.