ಗಿಣಿ ಹೇಳದ ಹೆಸರು

ಮೊಬೈಲಿನೊಳಗಿಂದ ಸುಧಾರಾಣಿಯ ಅತ್ತೆ ಹುಚ್ಚವ್ವನ ದನಿ ಗಟ್ಟಿಯಾಗಿಯೇ ಬರುತ್ತಿತ್ತು. "ಹಿತ್ತಲದಾಗ ಹಚ್ಚೇನಿ ಮಲ್ಲಿಗಿ ಬಳ್ಳಿ, ಬಳ್ಳಿಗೆ ಕೊಟ್ಟೇನಿ ಬಿದಿರಿನ ಕೋಲ, ಕೋಲಿನ ಮ್ಯಾಲ ಕುಂತ ಗಿಣಿ ಕರದೈತಿ ಮೂರು ಸಲ..." ಅಲ್ಲಿಗೆ ಬಂದು ದನಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು "ಹ್ಞೂಂ, ಹ್ಞೂಂ" ಎಂದಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

ಕರಿಬಸಪ್ಪ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಿಣಿ ಹ್ಞೂಂ ಹ್ಞೂಂ ಅಂತೇನವಾ ಸುಧಾರಾಣಿ?"

ಸುಧಾರಾಣಿ ನೆಲ ನೋಡಿದಳು. ಪಕ್ಕದಲ್ಲಿ ನಿಂತಿದ್ದ ದಿಲ್ಶಾದ ನಗು ಬಂದದ್ದನ್ನು ಕೆಮ್ಮಾಗಿ ಮಾಡಿಕೊಂಡಳು.

"ಮುಂದಿಂದು ಹಚ್ಚು."

ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಒಡಪು ಚೆಂದಾಗಿ ಶುರುವಾಗುತ್ತಿತ್ತು, ಪ್ರಾಸ ಹಿಡಿದು ಹೊರಳುತ್ತಿತ್ತು, ಗಂಡನ ಹೆಸರು ಬರಬೇಕಾದ ಜಾಗದಲ್ಲಿ ಮಾತ್ರ ಹ್ಞೂಂಗುಟ್ಟುತ್ತಿತ್ತು.

"ನೋಡವಾ," ಎಂದರು ಸರ್. ಅವರಿಗೆ ಸಿಟ್ಟು ಬಂದಿರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು. "ದಿನಾ ಹೇಳಬಾರದ ಹೆಸರು ಒಂದ ದಿನ ಹೇಳಾಕ ಅಂತನ ಒಡಪು ಹುಟ್ಟೈತಿ. ಹೆಸರ ಇಲ್ಲಂದ್ರ ಇದು ಬರೇ ಪ್ರಾಸ. ನಿನ್ನ ಪ್ರಬಂಧ ಪೂರಾ ಇದರ ಮ್ಯಾಲನ ನಿಂತೈತಿ. ಸೋಮವಾರ ಕಡೀ ದಿನ. ಅಷ್ಟರಾಗ ಸರಿಮಾಡಿಕೊಂಡು ಬಾ. ಆಗಲಿಲ್ಲಂದ್ರ ಮುಂದಿನ ವರ್ಷ ಕೊಡಬೇಕಾಗ್ತೈತಿ."

ಮುಂದಿನ ವರ್ಷ ಎಂಬುದು ಅವರಿಗೆ ಸುಲಭದ ಮಾತು. ಸುಧಾರಾಣಿಯ ಮಾವ ನಾಗಪ್ಪ, ಅವಳು ಜಾನಪದ ಎಂ.ಎ.ಗೆ ಸೇರುವಾಗಲೇ ಕಟ್ಟೆಯ ಮೇಲೆ ಕೂತು ಹೇಳಿದ್ದ: "ಹಾಡು ಕಲಿಯಾಕ ಗೊಟಗೋಡಿ ತನಕ ಹೋಗಬೇಕಾ? ನಮ್ಮ ಮನ್ಯಾಗ ಹೆಣ್ಮಕ್ಕಳ ಬಾಯಿ ಬಂದ್ ಆಗ್ಯಾವೇನು?" ಅತ್ತೆ ಹುಚ್ಚವ್ವನೇ ಸೊಸೆಯ ಪರ ನಿಂತು, "ಆಕಿ ಹೋಗಲಿ. ಮುಂಜಾನಿ ರೊಟ್ಟಿ ನಾ ಬಡೀತೇನಿ" ಎಂದು ಮಾತು ಮುಗಿಸಿದ್ದಳು. ನಾಗಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಎರಡು ವರ್ಷ ಅಂದೀರಿ, ಎರಡ ವರ್ಷ. ಮೂರನೇದು ನನ್ನ ಕೇಳಬ್ಯಾಡ್ರಿ" ಎಂದಿದ್ದ. ಆ ಎರಡು ವರ್ಷದಲ್ಲಿ ಹುಚ್ಚವ್ವನ ಮೊಣಕಾಲು ಒಲೆಯ ಮುಂದೆ ಸವೆದಿದ್ದವು. ಮೂರನೆಯದನ್ನು ಕೇಳಲು ಸುಧಾರಾಣಿಗೇ ಮನಸ್ಸಿರಲಿಲ್ಲ.

ಇಬ್ಬರೂ ಇಳಿಜಾರಿನ ದಾರಿಯಲ್ಲಿ ಗೇಟಿನ ಕಡೆ ನಡೆದರು. ಹೆದ್ದಾರಿಯ ಪಕ್ಕದಲ್ಲಿ ರಾಕ್ ಗಾರ್ಡನ್ನಿಗೆ ಬಂದ ಸಾಲಿ ಮಕ್ಕಳ ಬಸ್ಸು ನಿಂತಿದ್ದವು. ಕಲ್ಲಿನ ಎತ್ತು ನೋಡಿ ಬಂದ ಮಕ್ಕಳು ಅದರ ಬಾಲದ ಬಗ್ಗೆ ಜಗಳಾಡುತ್ತಿದ್ದವು.

"ಅಷ್ಟ್ಯಾಕ ಮಾರಿ ಸಣ್ಣದು ಮಾಡಿ?" ಎಂದಳು ದಿಲ್ಶಾದ. ಸವಣೂರಿನವಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಕಡಿಮೆ ಬರೆದು ಎಲ್ಲರಿಗಿಂತ ಹೆಚ್ಚು ಮಾತಾಡುವವಳು. "ಹ್ಞೂಂ ಅಂದಲ್ಲಿ ನೀನ ಹೆಸರು ಹೇಳಿ ಸೇರಿಸಿಬಿಡು. ಮುದುಕಿ ದನಿ ತಗದು ಹೇಳಿದ್ರ ಯಾರಿಗೆ ಗೊತ್ತಾಗ್ತೈತಿ?"

"ಮಾವನ ಹೆಸರು ನಾ ಹೆಂಗ ಹೇಳ್ಲಿ?"

ದಿಲ್ಶಾದ ದಾರಿಯಲ್ಲೇ ನಿಂತು ನಕ್ಕಳು. "ಛಲೋ ಆತು. ಅತ್ತಿ ಹೇಳೂದಿಲ್ಲ, ಸೊಸೀನೂ ಹೇಳೂದಿಲ್ಲ. ಆ ಮನಶ್ಯಾಗ ಹೆಸರ ಯಾಕ ಇಟ್ರೋ! ನಮ್ಮ ಅಮ್ಮೀನೂ ಹಂಗ. ರೇಷನ್ ಅಂಗಡ್ಯಾಗ ಯಜಮಾನ್ರ ಹೆಸರು ಕೇಳಿದ್ರ ನನ್ನ ಮುಂದ ನೂಕ್ತಾಳ." ಆಮೇಲೆ ಸ್ವಲ್ಪ ದೂರ ನಡೆದು ಕೇಳಿದಳು: "ಅಲ್ಲಾ, ನೀ ಮದುವ್ಯಾಗ ಒಡಪು ಹೇಳಿದ್ದಿ ಹೌದಿಲ್ಲ? ಎಲ್ಲಿ ಹೇಳಿದಿ?"

"ಬಾಗಿಲಾಗ. ಗುತ್ತೆವ್ವ ಅಡ್ಡ ನಿಂತಿದ್ಲು, ನಮ್ಮ ಮಾವನ ತಂಗಿ. ಹೇಳೂತನಕ ಒಳಗ ಬಿಡಲಿಲ್ಲ."

"ಮತ್ತ ಅತ್ತೀನ ಎಲ್ಲಿ ಕುಂದ್ರಿಸಿದ್ದಿ?"

"ಪಡಸಾಲ್ಯಾಗ. ಕುರ್ಚಿ ಮ್ಯಾಲ."

ಸುಧಾರಾಣಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಸದ್ದು ಬಾರದಿರಲೆಂದು ಕದ ಹಾಕಿ, ಫ್ಯಾನು ನಿಲ್ಲಿಸಿ, ಅತ್ತೆಗೆ ಇಳಕಲ್ ಸೀರೆ ಉಡಿಸಿ, ಬೋರಲು ಹಾಕಿದ ಸೇರಿನ ಮೇಲೆ ಮೊಬೈಲಿಟ್ಟು, ಕ್ಲಾಸಿನಲ್ಲಿ ಕಲಿಸಿದಂತೆ "ನಿಮ್ಮ ಹೆಸರು, ವಯಸ್ಸು ಹೇಳ್ರಿ" ಎಂದು ಶುರುಮಾಡಿದ್ದಳು. ಹುಚ್ಚವ್ವ ಫೋಟೋಕ್ಕೆ ಕೂತವರಂತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬೆವೆತಿದ್ದಳು.

"ಕುರ್ಚಿ ಮ್ಯಾಲ ಕುಂದ್ರಿಸಿ ಗಂಡನ ಹೆಸರು ಕೇಳಾವ್ರು ಪೊಲೀಸ್ರು," ಎಂದಳು ದಿಲ್ಶಾದ. "ಹೇಳ್ತಾಳೇನ ಆಕಿ?"

ಭಾನುವಾರ ಸೀಗೆ ಹುಣ್ಣಿಮೆ ಇತ್ತು. ದಿಲ್ಶಾದ ತಾನಾಗಿಯೇ ಹೊಲದ ಊಟಕ್ಕೆ ಕರೆಸಿಕೊಂಡಳು.

ಅಕ್ಕಿಆಲೂರು ದಾಟಿ ಸ್ವಲ್ಪ ಮುಂದೆ, ರಸ್ತೆಗೆ ಹತ್ತಿಕೊಂಡೇ ನಾಗಪ್ಪನ ಮನೆ. ದಿಲ್ಶಾದ ಬಸ್ಸಿಳಿಯುವ ಹೊತ್ತಿಗೆ ಅಡಿಗೆಯೆಲ್ಲ ಬುಟ್ಟಿ ಸೇರಿತ್ತು: ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರಬುತ್ತಿ. ಹುಚ್ಚವ್ವ ಒಂದು ಬುಟ್ಟಿ, ಸುಧಾರಾಣಿ ಒಂದು ಬುಟ್ಟಿ ಹೊತ್ತರು. ಹಂಸಭಾವಿಯಿಂದ ಹಬ್ಬಕ್ಕೆ ಬಂದಿದ್ದ ಗುತ್ತೆವ್ವ ನೀರಿನ ಕೊಡ ಹೊತ್ತಳು. ನಾಗಪ್ಪನೂ ಸುಧಾರಾಣಿಯ ಗಂಡ ಮಾಲತೇಶನೂ ಮುಂದೆ ಹೋಗಿ ಬದುವಿನ ಮೇಲೆ ಜಾಗ ಮಾಡಿದ್ದರು. ಹೊಡೆ ಬಿಚ್ಚಿದ ಭತ್ತ ಮೊಣಕಾಲಿಗಿಂತ ಮೇಲೆ ಬಂದಿತ್ತು. ನಾಗಪ್ಪ ಪೈರಿನ ನಡುವೆ ಭೂಮಿತಾಯಿಯ ಎಡೆಯೆಂದು ಚರಗ ಚೆಲ್ಲುತ್ತಾ ನಾಲ್ಕೂ ದಿಕ್ಕಿಗೆ ಕೂಗಿದ. ಆಚೆ ಹೊಲದವರು ಅಲ್ಲಿಂದಲೇ ದನಿಗೂಡಿಸಿದರು.

"ಏನವಾ, ನೀನೂ ಹಾಡು ಕಲಿಯಾಕಿನಾ?" ಎಂದು ಊಟಕ್ಕೆ ಕೂತಾಗ ನಾಗಪ್ಪ ದಿಲ್ಶಾದಳನ್ನು ಕೇಳಿದ.

"ಹೌದ್ರಿ ಕಾಕಾ. ಈಕಿ ಹಾಡು ಕಲೀತಾಳ, ನಾ ಊಟ ಮಾಡೂದು ಕಲೀತೇನಿ."

"ಹಂಗಾರ ನೀ ಪಾಸಾಗ್ತಿ ಬಿಡು," ಎಂದು ನಾಗಪ್ಪ ಇನ್ನೊಂದು ಕಡಬು ಹಾಕಿಸಿದ. ಆಮೇಲೆ ಸೊಸೆಗೆ ಕೇಳುವಂತೆ, ಆದರೆ ಭತ್ತದ ಕಡೆ ನೋಡುತ್ತಾ, "ಸೋಮವಾರಕ್ಕ ಮುಗೀತಂತಲ್ಲ ಎಲ್ಲಾ?" ಎಂದ. ಸುಧಾರಾಣಿ ಬುತ್ತಿ ಕಲಸುತ್ತಾ ತಲೆಯಾಡಿಸಿದಳು.

ಹೊತ್ತು ಇಳಿಯುವಾಗ ಗಂಡಸರು ಮೊದಲು ಮನೆಗೆ ಹೋದರು. ಅವರ ಹಿಂದೆಯೇ ಗುತ್ತೆವ್ವ, "ಕಾಲು ನೋಯಾಕತ್ಯಾವ, ನಾ ಮುಂದ ಹೊಕ್ಕೇನಿ" ಎಂದು ದಿಲ್ಶಾದಳ ಕೈ ಹಿಡಿದುಕೊಂಡು ಹೊರಟಳು. ನೋಯುವ ಕಾಲಿಗೆ ಆ ನಡಿಗೆ ಜೋರೇ ಇತ್ತು.

ಹುಚ್ಚವ್ವ, ಸುಧಾರಾಣಿ ಅಂಗಳಕ್ಕೆ ಬಂದಾಗ ತಲೆಬಾಗಿಲಿಗೆ ಅಡ್ಡಲಾಗಿ ಎತ್ತು ಹೊಡೆಯುವ ಬಾರುಕೋಲು ಬಂದಿತ್ತು. ಒಂದು ತುದಿ ಗುತ್ತೆವ್ವನ ಕೈಯಲ್ಲಿ, ಇನ್ನೊಂದು ದಿಲ್ಶಾದಳ ಕೈಯಲ್ಲಿ. ಒಳಗೆ ಪಡಸಾಲೆಯಲ್ಲಿ ನಾಗಪ್ಪ ಗೋಡೆಗೆ ಆನಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಹೆಸರು ಹೇಳಿ ಒಳಗ ಬರ್ರಿ ವೈನಿ," ಎಂದಳು ಗುತ್ತೆವ್ವ.

"ಹುಚ್ಚು ಹಿಡದೈತೇನ ನಿನಗ? ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಹೆಸರಂತ ಹೆಸರು. ತಗೀ, ತಲಿ ಮ್ಯಾಲ ಭಾರ ಐತಿ."

"ಬುಟ್ಟಿ ಖಾಲಿ ಐತಿ. ಕಡಬು ನಾನ ತಿಂದೇನಿ, ನನಗ ಗೊತ್ತಿಲ್ಲೇನು?"

ಹುಚ್ಚವ್ವ ಅತ್ತಿತ್ತ ನೋಡಿದಳು. ದಿಲ್ಶಾದಳ ಎಡಗೈ ಓಢಣಿಯೊಳಗೆ ಇತ್ತು. ಅಲ್ಲಿ ಸುಧಾರಾಣಿಯ ಮೊಬೈಲಿನ ಸಣ್ಣ ಬೆಳಕು. ಹುಚ್ಚವ್ವನ ಕಣ್ಣು ಅಲ್ಲಿಂದ ಸೊಸೆಯ ಮುಖಕ್ಕೆ ಬಂತು. ಸುಧಾರಾಣಿಗೆ ಸುಳ್ಳು ಹೇಳಲಾಗಲಿಲ್ಲ.

"ಸೋಮವಾರಕ್ಕ ಹೆಸರು ಬೇಕ್ರಿ ಅತ್ತಿ. ಇಲ್ಲಂದ್ರ ಇನ್ನೊಂದು ವರ್ಷ," ಎಂದಳು ಮೆಲ್ಲಗೆ.

ಹುಚ್ಚವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಸೊಂಟಕ್ಕೆ ಇಟ್ಟುಕೊಂಡಳು. ಆಮೇಲೆ ಅವಳ ತುಟಿಯ ಒಂದು ಬದಿ ಮೇಲಕ್ಕೆ ಹೋಯಿತು.

"ಮೊದಲ ಸಣ್ಣಾಕಿ ಹೇಳ್ಲಿ. ಎಲ್ಲಾರ ಒಡಪು ಕೇಳ್ಕೋತ ಅಡ್ಡಾಡ್ತಾಳ, ತನ್ನದೊಂದು ಹೇಳಿದ್ದು ನಾ ಕೇಳಿಲ್ಲ."

ಸುಧಾರಾಣಿ ಗಾಬರಿಯಾದಳು. ನೆನಪಿದ್ದ ಒಂದೇ ಒಂದನ್ನು ಶುರುಮಾಡಿದಳು: "ಬೆಳ್ಳಿ ತಟ್ಟ್ಯಾಗ ಬೆಲ್ಲದ ಅಚ್ಚು..."

"ಅದನ್ನ ಮದುವ್ಯಾಗ ಹೇಳಿಯಾಗೈತಿ," ಎಂದು ಗುತ್ತೆವ್ವ ತಡೆದಳು. "ಇಡೀ ಹಂಸಭಾವಿಗೆ ಬಾಯಿಪಾಠ ಐತಿ ಅದು. ಹೊಸಾದು ಹಾಕು."

ಹೊಸದು ಎಲ್ಲಿಂದ ಬರಬೇಕು? ಒಡಪಿನ ಬಗ್ಗೆ ಅವಳಿಗೆ ಬೇಕಾದಷ್ಟು ಗೊತ್ತಿತ್ತು. ಪ್ರಾಸದ ಬಗ್ಗೆ ಒಂದು ಇಡೀ ಅಧ್ಯಾಯ ಬರೆದಿದ್ದಳು. ಅದರಲ್ಲಿ ಒಂದು ಸಾಲೂ ಈಗ ನೆರವಿಗೆ ಬರಲಿಲ್ಲ. ದನ ಕಟ್ಟಿ ಬಂದ ಮಾಲತೇಶ ಅಂಗಳದ ಅಂಚಿನಲ್ಲಿ ನಿಂತು, ಏನಾಗುತ್ತಿದೆ ಎಂದು ತಿಳಿದು, ಹೋಗಲೂ ಆಗದೆ ನಿಲ್ಲಲೂ ಆಗದೆ ಕಾಲಿನಿಂದ ಕಾಲು ಉಜ್ಜಿಕೊಳ್ಳುತ್ತಿದ್ದ. ಸುಧಾರಾಣಿಯ ಕಣ್ಣು ಅವನ ಚಪ್ಪಲಿಯ ಮೇಲೆ ಬಿತ್ತು. ನಗು ಬಂತು. ನಗುವಿನ ಹಿಂದೆಯೇ ಮಾತು ಬಂತು.

"ಹಾನಗಲ್ಲ ಬಸ್ಸು ಬರತೈತಿ ನಸುಕಿನ್ಯಾಗ,
ಆಧಾರ ಕಾರ್ಡ ಮರತು ನಿಂತೇನಿ ರಸ್ತ್ಯಾಗ,
ಓಡಿ ತಂದು ಕೊಟ್ಟಾರ, ಒಂದ ಚಪ್ಪಲಿ ಕಾಲಾಗ,
ಮಾಲತೇಶ ಅವರ ಹೆಸರು ಹೇಳಿ ಬರ್ತೇನಿ ಒಳಗ."

ಗುತ್ತೆವ್ವ ಕೋಲು ಬಿಟ್ಟು ಚಪ್ಪಾಳೆ ತಟ್ಟಿದಳು, ಮತ್ತೆ ನೆನಪಾಗಿ ಕೋಲು ಹಿಡಿದಳು.

"ಅದು ಒಂದ ಸಲ ಆಗಿದ್ದು," ಎಂದ ಮಾಲತೇಶ ಯಾರಿಗೂ ಅಲ್ಲದೆ. ಅವನ ಕಿವಿ ಕೆಂಪಗಾಗಿದ್ದವು.

"ಬಂತಲ್ಲ ನಿನಗ," ಎಂದಳು ಹುಚ್ಚವ್ವ ಸೊಸೆಗೆ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಒಳಗೆ ನಾಗಪ್ಪ ಎಲೆ ಮಡಿಸುವುದನ್ನು ನಿಲ್ಲಿಸಿದ್ದ. ಅವಳು ಅವನ ಕಡೆ ನೋಡಲಿಲ್ಲ. ಹೊಸ್ತಿಲ ಮೇಲಿನ ಕುಂಕುಮ ನೋಡುತ್ತಾ, ಕುರ್ಚಿಯ ಮೇಲೆ ಕೂತಾಗ ಇದ್ದ ದನಿಯೇ ಅಲ್ಲವೆಂಬಂತೆ ಹೇಳಿದಳು:

"ಸೊಸಿ ಹ್ವಾದ್ಲು ಓದಾಕ ಗೊಟಗೋಡಿಗೆ,
ನಾ ಕುಂತೇನಿ ಒಲಿ ಮುಂದ ರೊಟ್ಟಿಗೆ,
ಕಟ್ಟಿ ಮ್ಯಾಲಿನ ಹುಲಿ ಬಂತು ಒಳಗ ಮೆಲ್ಲಗೆ,
ಸಕ್ಕರಿ ಮರತು ಚಾ ಕಾಸಿ ಕೊಟ್ಟಾರ ನಾಗಪ್ಪ ನನಗೆ."

ನಾಗಪ್ಪ ಒಲೆಯ ಹತ್ತಿರ ಹೋದದ್ದನ್ನು ಅವನ ತಂಗಿಯೂ ಕಂಡಿರಲಿಲ್ಲ, ಮಗನೂ ಕಂಡಿರಲಿಲ್ಲ. ಮುಂಜಾನೆ ತಾನು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂದು ಸುಧಾರಾಣಿ ಎಂದೂ ಯೋಚಿಸಿರಲಿಲ್ಲ.

"ಅಣ್ಣಾ, ಚಾ ಕಾಸ್ತೀಯೇನು?" ಎಂದಳು ಗುತ್ತೆವ್ವ, ಕೋಲಿನ ಮೇಲೆ ಬಗ್ಗಿ ಒಳಗೆ ಇಣುಕಿ.

"ಸಕ್ಕರಿ ಒಂದ ಸಲ ಮರತಿದ್ದೆ," ಎಂದಿತು ಒಳಗಿನ ದನಿ. "ಅದನ್ನ ಹಿಡ್ಕೊಂಡು ಕುಂತಾಳ."

ದಿಲ್ಶಾದ ನಕ್ಕು ನಕ್ಕು ನೆಲಕ್ಕೆ ಕೂತಳು. ಆದರೂ ಕೋಲು ಬಿಡಲಿಲ್ಲ. "ಇನ್ನೊಂದು ಹೇಳ್ರಿ ಕಾಕಿ. ಆ ಗಿಣೀದು. ಗಿಣಿ ಏನಂತ ಕರದೈತಿ ಹೇಳಲಿಲ್ಲ ನೀವು."

ಒಮ್ಮೆ ತೆರೆದ ಬಾಯಿ ಮುಚ್ಚಲು ಹುಚ್ಚವ್ವನಿಗೆ ಮನಸ್ಸಿರಲಿಲ್ಲ. ಗಿಣಿ ಕರೆಯಿತು, ನಾಗಪ್ಪಾ ನಾಗಪ್ಪಾ ನಾಗಪ್ಪಾ ಎಂದು ಮೂರು ಸಲವೂ ಕರೆಯಿತು. ಅದರ ಹಿಂದೆ ಬಳೆಯದು, ಬಾವಿಯದು, ಬಿಳಿ ಎತ್ತಿನದು. ಮೊದಲು ಹ್ಞೂಂ ಎಂದಿದ್ದೆಲ್ಲ ಹೆಸರು ಹೊತ್ತು ಬಂತು. ಆಚೆ ಮನೆಯ ಹೆಂಗಸರು ಬೇಲಿಗೆ ಬಂದು ನಿಂತರು. ನಾಯಿ ಬೊಗಳಿತು. ರಸ್ತೆಯಲ್ಲಿ ಭತ್ತದ ಮಿಲ್ಲಿನ ಲಾರಿ ಹೋಯಿತು. ಯಾರೂ ಫ್ಯಾನು ನಿಲ್ಲಿಸಲಿಲ್ಲ, ಕದ ಹಾಕಲಿಲ್ಲ. ಕೊನೆಗೆ ನಾಗಪ್ಪನೇ ಎದ್ದು ಬಂದು, "ಸಾಕು ಬಿಡ್ರವಾ, ಹೆಸರು ಸವದು ಹೋದೀತು" ಎಂದು ಕೋಲು ಕಿತ್ತುಕೊಂಡ. ಹುಚ್ಚವ್ವ ಅವನ ಪಕ್ಕದಿಂದಲೇ, ಬಲಗಾಲು ಮೊದಲಿಟ್ಟು ಒಳಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಸುಧಾರಾಣಿ ಆ ದನಿಯನ್ನು ಕರಿಬಸಪ್ಪ ಸರ್‌ಗೆ ವಾಟ್ಸಾಪಿನಲ್ಲಿ ಕಳಿಸಿದಳು. ದಿಲ್ಶಾದ ಉಳಿದ ಕಡಬು ಕಟ್ಟಿಸಿಕೊಳ್ಳುತ್ತಿರುವಾಗಲೇ ಉತ್ತರ ಬಂತು: "ಗಿಣಿಗೆ ಬಾಯಿ ಬಂತು. ನಾಳೆ ತಗೊಂಡು ಬಾ. ನಾಯಿ ಬೊಗಳಿದ್ದನ್ನ ತಗೀಬ್ಯಾಡ."

ಮರುದಿನ ನಸುಕಿಗೆ ಸುಧಾರಾಣಿ ಎಲ್ಲವನ್ನೂ ಬ್ಯಾಗಿಗೆ ಹಾಕಿಕೊಂಡಳು. ಪ್ರಬಂಧದ ಪ್ರತಿ, ಆಧಾರ ಕಾರ್ಡು, ಬುತ್ತಿ. ಮೊಬೈಲು ಮಾತ್ರ ಇರಲಿಲ್ಲ. ಚಾರ್ಜಿಗೆ ಹಾಕಿದ ಕಡೆ ಬರೀ ವಾಯರು ಜೋತಾಡುತ್ತಿತ್ತು. ಮಾಲತೇಶನನ್ನು ಕೇಳಿದಳು. ಅವನು ಹಾಸಿಗೆಯಿಂದಲೇ ಹಿತ್ತಲಿನ ಕಡೆ ಕೈ ತೋರಿಸಿ, "ಹೆಂಗ ಹಚ್ಚೂದು ಅಂತ ಕೇಳಿದ್ರು, ತೋರಿಸೇನಿ" ಎಂದು ಮತ್ತೆ ಮುಸುಕೆಳೆದುಕೊಂಡ.

ರಸ್ತೆಯ ತಿರುವಿನಲ್ಲಿ ಹಾನಗಲ್ಲ ಬಸ್ಸು ಹಾರ್ನು ಹೊಡೆಯಿತು. ಅವಳು ಹಿತ್ತಲಿಗೆ ಓಡಿದಳು.

ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ, ಕಾಲ ನಡುವೆ ಖಾಲಿ ಚರಿಗೆ ಇಟ್ಟುಕೊಂಡು ನಾಗಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದ. ಗಿಣಿ ಕರೆಯುತ್ತಿತ್ತು. ಎಮ್ಮೆ ತಿರುಗಿ ಅವನನ್ನೇ ನೋಡುತ್ತಿತ್ತು. ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಬಸ್ಸು ಮನೆಯ ಮುಂದೆ ಬಂದು ನಿಂತಿತು. "ಬರ್ತೀರೇನ್ರಿ ಅಕ್ಕಾರ?" ಎಂದು ಕಂಡಕ್ಟರ್ ಕೂಗಿದ. ಸುಧಾರಾಣಿ ಕೊಟ್ಟಿಗೆಯ ಕಂಬದ ಮರೆಯಿಂದ, ಮನೆಯ ಪಕ್ಕದ ಸಂದಿಯಲ್ಲಿ ಕಾಣುತ್ತಿದ್ದ ಬಸ್ಸಿನತ್ತ ಕೈ ಎತ್ತಿ, ಒಂದು ನಿಮಿಷ, ಎಂದು ಬೆರಳು ತೋರಿಸಿ, ಅದು ಮುಗಿಯುವತನಕ ಅಲ್ಲೇ ನಿಂತಳು.